ಸೈಕಲ್ಲಿಗೆ ನಿಮ್ಮನ್ನು ಕರೆತಂದವರು ಯಾರು?

 

ಇಷ್ಟವಾದ ವಿಷಯದ ಬಗ್ಗೆ ಐದು ನಿಮಿಷ ಮಾತಾಡು ಎಂದು ಮೇಷ್ಟ್ರು ಹೇಳಿದ್ದಾರೆ. ನನಗೆ ಇಷ್ಟವಾದದ್ದು ಸೈಕಲ್. ಶನಿವಾರ ಬೆಳಿಗ್ಗೆ ಸೈಕಲ್ ಕ್ಲಬ್, ಭಾನುವಾರ ಬೆಳಿಗ್ಗೆ ಕನ್ನಡ ಶಾಲೆ. "ನಿನಗೆ ವೀಕೆಂಡೇ ಇಲ್ವಲ್ಲೋ" ಎಂದು ನಮ್ಮಮ್ಮ ನಗುತ್ತಾರೆ.

ನಮ್ಮದು ಸ್ಯಾನ್ ಹೋಸೆಯ ಒಂದು ಚಿಕ್ಕ ಕ್ಲಬ್. ಯಾರೂ ರೇಸಿಗೆ ಹೋಗುವವರಲ್ಲ. ಇಪ್ಪತ್ತು ಜನ ಇದ್ದೇವೆ, ಅವರಲ್ಲಿ ನಾನೇ ಚಿಕ್ಕವನು. ಎಲ್ಲರಿಗಿಂತ ಹಿರಿಯರಿಗೆ 71 ವರ್ಷ.

ಹೋದ ವರ್ಷ ನಮ್ಮ ಕನ್ನಡ ತರಗತಿಯಲ್ಲಿ ಹತ್ತು ಜನರನ್ನು ಸಂದರ್ಶನ ಮಾಡಿ ಬರೆಯುವ ಹೋಂವರ್ಕ್ ಇತ್ತು. ನಾನು ಕ್ಲಬ್ಬಿನವರನ್ನು ಕೇಳಿದೆ: ನಿಮಗೆ ಸೈಕಲ್ ಹೇಗೆ ಇಷ್ಟವಾಯಿತು? ಹೊಸ ಸೈಕಲ್ ಕೊಂಡೆ, ತೂಕ ಇಳಿಸಬೇಕಿತ್ತು ಅಂತೆಲ್ಲ ಹೇಳುತ್ತಾರೆ ಎಂದುಕೊಂಡಿದ್ದೆ.

ಒಬ್ಬರು ನರ್ಸ್. ರಾತ್ರಿ ಪಾಳಿ ಮುಗಿಸಿದ ಮೇಲೆ ಅವರಿಗೆ ನಿದ್ದೆ ಬರುತ್ತಿರಲಿಲ್ಲವಂತೆ. ಜೊತೆಗೆ ಕೆಲಸ ಮಾಡುವ ಗೆಳತಿ ಹಳೇ ಸೈಕಲ್ ಒಂದನ್ನು ತಂದು ಬಾಗಿಲಲ್ಲಿ ನಿಲ್ಲಿಸಿದರು. ಆ 71 ವರ್ಷದ ಅಜ್ಜ, ಹೆಂಡತಿ ತೀರಿಕೊಂಡ ಮೇಲೆ ರೈಡಿಗೆ ಬರುವುದನ್ನೇ ಬಿಟ್ಟಿದ್ದರು. ಪ್ರತಿ ಶನಿವಾರ ಏಳು ಗಂಟೆಗೆ ಕ್ಲಬ್ಬಿನ ನಾಲ್ಕು ಜನ ಅವರ ಮನೆ ಮುಂದೆ ಹತ್ತು ನಿಮಿಷ ನಿಂತು ಹೋಗುತ್ತಿದ್ದರು. ಬೆಲ್ ಒತ್ತುತ್ತಿರಲಿಲ್ಲ. ನಾಲ್ಕನೇ ಶನಿವಾರ ಅವರು ಹೆಲ್ಮೆಟ್ ಹಾಕಿಕೊಂಡು ಹೊರಗೆ ಬಂದರು.

ಇನ್ನೊಬ್ಬರು ಧಾರವಾಡದ ಅಂಕಲ್. ಚಿಕ್ಕಂದಿನಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತರುತ್ತಿದ್ದರಂತೆ. ಸೀಟು ಎಟುಕದೆ, ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುತ್ತಿದ್ದರು. ಅವರಣ್ಣ ಕ್ಯಾರಿಯರ್ ಹಿಡಿದುಕೊಂಡು ಹಿಂದೆ ಓಡುತ್ತಿದ್ದರು.

ಹತ್ತೂ ಉತ್ತರಗಳನ್ನು ಬರೆದ ಮೇಲೆ ಓದಿ ನೋಡಿದೆ. ಒಂದು ಉತ್ತರವೂ ಸೈಕಲ್ಲಿನಿಂದ ಶುರುವಾಗಿರಲಿಲ್ಲ. ಎಲ್ಲವೂ ಒಬ್ಬ ಮನುಷ್ಯನಿಂದ ಶುರುವಾಗಿದ್ದವು.

ನನ್ನದೂ ಹಾಗೇ. ನಾನು ಹದಿಮೂರು ವರ್ಷದವನಿದ್ದಾಗ ನಾವು ಟೆಕ್ಸಾಸ್‌ನಿಂದ ಇಲ್ಲಿಗೆ ಬಂದೆವು. ನಾಲ್ಕು ತಿಂಗಳು ಶಾಲೆಯಲ್ಲಿ ಒಬ್ಬನೇ ಕೂತು ಊಟ ಮಾಡಿದ್ದೇನೆ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇದ್ದ ಆ ಧಾರವಾಡದ ಅಂಕಲ್ ಒಂದು ದಿನ, "ಮನಿಯಾಗ ಕುಂತು ಏನ ಮಾಡ್ತೀ? ಶನಿವಾರ ನನ್ನ ಕೂಡ ಬಾ" ಎಂದರು.

ಸೈಕಲ್ ಬಗ್ಗೆ ನಿಮಗೊಂದು ವಿಷಯ ಹೇಳಬೇಕು. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ನಮ್ಮ ಶಕ್ತಿ ಹೆಚ್ಚಾಗಿ ಗಾಳಿಯನ್ನು ತಳ್ಳುವುದಕ್ಕೇ ಖರ್ಚಾಗುತ್ತದೆ. ಮುಂದಿನವರ ಹಿಂದೆ ಹತ್ತಿರದಲ್ಲೇ ಹೋದರೆ ಕಾಲು ಭಾಗದಷ್ಟು ಶ್ರಮ ಉಳಿಯುತ್ತದೆ. ಅದಕ್ಕೇ ಮುಂದಿನ ಜಾಗಕ್ಕೆ ಎಲ್ಲರೂ ಸರದಿಯಂತೆ ಬರುತ್ತೇವೆ. ಆದರೆ ಏರಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ನಿಧಾನ ಹೋಗುತ್ತೇವೆ, ಗಾಳಿ ದೊಡ್ಡ ತೊಂದರೆಯಲ್ಲ, ಅವರವರ ಭಾರವನ್ನು ಅವರವರೇ ಎಳೆಯಬೇಕು. ಏರಿನಲ್ಲಿ ಗೆಳೆಯರು ಮಾಡಬಹುದಾದದ್ದು ಒಂದೇ: ಜೊತೆಗಿರುವುದು, ಇಲ್ಲವೆ ಮೇಲೆ ಹೋಗಿ ಕಾಯುವುದು.

ನಮ್ಮೂರಿನ ಪೂರ್ವಕ್ಕಿರುವ ಮೌಂಟ್ ಹ್ಯಾಮಿಲ್ಟನ್ ನಿಮಗೆಲ್ಲ ಗೊತ್ತು. ತುದಿಯಲ್ಲಿ ಲಿಕ್ ವೀಕ್ಷಣಾಲಯದ ಬಿಳಿ ಗುಮ್ಮಟ ಕಾಣುತ್ತದೆ. ಎತ್ತರ ಸುಮಾರು 1,280 ಮೀಟರ್. 1876ರಲ್ಲಿ ಆ ರಸ್ತೆ ಮಾಡಿದಾಗ ಸಾಮಾನು ಎಳೆಯಬೇಕಾದದ್ದು ಕುದುರೆಗಳು. ಅವುಗಳಿಗೆ ಕಷ್ಟವಾಗದ ಹಾಗೆ ಏರನ್ನು ಕಡಿಮೆ ಇಟ್ಟು, ನೂರಾರು ತಿರುವು ಹಾಕಿ ಕಟ್ಟಿದರು. ಅದರಿಂದಲೇ ಇವತ್ತು ನಮ್ಮಂಥವರೂ ಹತ್ತಬಹುದು. ಆದರೂ ಮೊದಲ ಸಲ ನನಗೆ ಮೂರೂವರೆ ಗಂಟೆ ಬೇಕಾಯಿತು. ಉಳಿದವರು ತುದಿಯಲ್ಲಿ ಚಳಿಯಲ್ಲೇ ಕಾಯುತ್ತಿದ್ದರು. ಗುಂಪಿನ ಕೊನೆಯಲ್ಲಿ ಬರುವವರನ್ನು ನಾವು ಸ್ವೀಪ್ ಅನ್ನುತ್ತೇವೆ. ಅವತ್ತಿನ ಸ್ವೀಪ್ ಅಂಕಲ್. ದಾರಿಯುದ್ದಕ್ಕೂ ಅವರು ಹೇಳಿದ್ದು ಒಂದೇ ಮಾತು: "ಗುಡ್ಡ ನೋಡಬ್ಯಾಡ, ಮುಂದಿನ ತಿರುವು ಅಷ್ಟ ನೋಡು."

ಹೋದ ಅಕ್ಟೋಬರಿನಲ್ಲಿ ಅಂಕಲ್ ಕೆಲಸ ಹೋಯಿತು. ಎಚ್-1ಬಿ ವೀಸಾದವರಿಗೆ ಬೇರೆ ಕೆಲಸ ಹುಡುಕಲು 60 ದಿನ ಇರುತ್ತದೆ. ಇಲ್ಲಿರುವ ಎಷ್ಟೋ ಮನೆಗಳಲ್ಲಿ ಆ ಲೆಕ್ಕ ಗೊತ್ತು. ಕೆಲಸ ಸಿಗಲಿಲ್ಲ. ಹೊರಡುವ ಮುಂಚಿನ ಶನಿವಾರ ಕ್ಲಬ್ಬಿನವರೆಲ್ಲ ಅವರ ಜೊತೆ ಮೌಂಟ್ ಹ್ಯಾಮಿಲ್ಟನ್ ಹತ್ತಿದೆವು. "ಇವತ್ತಾದರೂ ನೀವು ಮುಂದೆ ಇರಿ" ಅಂದರೆ ಕೇಳಲಿಲ್ಲ. ಕೊನೆಯಲ್ಲೇ ಬಂದರು.

ಮುಂದಿನ ವಾರ "ಸ್ವೀಪ್ ಯಾರು?" ಎಂದು ಕೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾನು ಕೈ ಎತ್ತಿದೆ. ಈಗ ನಮ್ಮ ರೈಡ್ ಮುಗಿಯುವ ಹೊತ್ತಿಗೆ ಅವರಿಗೆ ಧಾರವಾಡದಲ್ಲಿ ರಾತ್ರಿ. ಫೋನ್ ಮಾಡಿ, "ಇವತ್ತ ಕಡೀಗೆ ಯಾರು ಬಂದ್ರು?" ಅಂತ ತಪ್ಪದೆ ಕೇಳುತ್ತಾರೆ.

ಒಂದನೇ ತರಗತಿಯ ಪುಟಾಣಿಗಳೇ, ಕನ್ನಡವೂ ಏರುದಾರಿಯೇ. ಒತ್ತಕ್ಷರಗಳನ್ನು ನಿಮಗಾಗಿ ಬೇರೆಯವರು ಕಲಿಯಲು ಆಗುವುದಿಲ್ಲ. ನಮ್ಮ ಬ್ಯಾಚಿನಲ್ಲಿ ಹದಿನಾಲ್ಕು ಜನ ಇದ್ದೆವು, ಇವತ್ತು ಪ್ರಮಾಣಪತ್ರ ತೆಗೆದುಕೊಳ್ಳುತ್ತಿರುವವರು ಐದು ಜನ. ನಾವು ಐವರೂ ಸೆಪ್ಟೆಂಬರಿನಿಂದ ಸರದಿಯಂತೆ ನಿಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತೇವೆ ಎಂದು ಮೇಷ್ಟ್ರಿಗೆ ಹೇಳಿದ್ದೇವೆ. ನಿಧಾನವಾಗಿ ಓದಿ. ನಮಗೇನೂ ಅವಸರವಿಲ್ಲ.