ಬೀಟ್‌ರೂಟಿನ ಬಣ್ಣ ಕಾಯುವ ಪೊರೆ

ಬೀಟ್‌ರೂಟ್ ಹೆಚ್ಚಿದರೆ ಕೈಯೆಲ್ಲ ಕೆಂಪು. ಚಾಕು ತಾಗಿ ಒಡೆದ ಜೀವಕೋಶಗಳ ರಸ ಅದು. ಹೋಳುಗಳನ್ನು ಚೆನ್ನಾಗಿ ತೊಳೆದು, ಒಂದನ್ನು ತಣ್ಣೀರಿನ ಲೋಟಕ್ಕೆ ಹಾಕಿ. ಇನ್ನೊಂದನ್ನು ಕುದಿಸಿಳಿಸಿದ ನೀರಿಗೆ ದೊಡ್ಡವರೇ ಹಾಕಲಿ. ತಣ್ಣೀರು ತುಸು ಗುಲಾಬಿಯಾಗಿ ಅಲ್ಲಿಗೇ ನಿಲ್ಲುತ್ತದೆ. ಬಿಸಿನೀರಿನಲ್ಲಿ ಬಣ್ಣ ಎಳೆ ಎಳೆಯಾಗಿ ಇಳಿದು, ನೋಡನೋಡುತ್ತಲೇ ಲೋಟವೆಲ್ಲ ಕಡುಗೆಂಪು!

ಅಲ್ಲಿಯವರೆಗೆ ಬಣ್ಣವನ್ನು ಹಿಡಿದಿಟ್ಟಿದ್ದು ಪೊರೆ. ಬಣ್ಣ ತುಂಬಿದ ಒಳಚೀಲಕ್ಕೊಂದು, ಇಡೀ ಕೋಶಕ್ಕೊಂದು. ಬಿಸಿ ತಾಗಿದಾಗ ಎರಡೂ ಹಾಳಾಗಿ ರಸ ಸೋರಿತು. ಇಂಥ ಒಂದು ಲಕ್ಷ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೂ ಎತ್ತರ ಒಂದು ಮಿಲಿಮೀಟರ್ ಮುಟ್ಟದು.

ಪೊರೆಯ ಮುಖ್ಯ ಸಾಮಗ್ರಿ ಫಾಸ್ಫೋಲಿಪಿಡ್ ಎಂಬ ಕೊಬ್ಬು. ಅದರ ಪ್ರತಿ ಅಣುವಿಗೂ ಒಂದು ತಲೆ, ಎರಡು ಬಾಲ. ತಲೆಗೆ ನೀರೆಂದರೆ ಇಷ್ಟ, ಬಾಲಗಳಿಗೆ ನೀರು ಆಗಿಬರದು. ಆದರೆ ಕೋಶದ ಒಳಗೂ ನೀರು, ಹೊರಗೂ ನೀರು. ಪಾಪ, ಬಾಲಗಳು ಹೋಗುವುದೆಲ್ಲಿಗೆ? ಅದಕ್ಕೇ ಅಣುಗಳು ಎರಡು ಪದರವಾಗಿ ನಿಲ್ಲುತ್ತವೆ: ತಲೆಗಳು ಆಚೆ ಈಚೆ ನೀರಿನ ಕಡೆಗೆ, ಬಾಲಗಳು ನಡುವೆ ಅಡಗಿಕೊಂಡು. ಅಂಟೂ ಇಲ್ಲ, ಹೊಲಿಗೆಯೂ ಇಲ್ಲ. ಸಣ್ಣ ತೂತಾದರೆ ತಾನೇ ಕೂಡಿಕೊಳ್ಳುತ್ತದೆ.

ಎರಡು ಪದರ ಎಂದು ಗೊತ್ತಾದದ್ದು 1925ರಲ್ಲಿ. ನೆದರ್ಲೆಂಡಿನ ಮಕ್ಕಳ ವೈದ್ಯ ಗೋರ್ಟರ್ ಮತ್ತು ಜೊತೆಗಾರ ಗ್ರೆಂಡೆಲ್ ಕೆಂಪು ರಕ್ತಕಣಗಳ ಕೊಬ್ಬನ್ನು ತೆಗೆದು ನೀರಿನ ಮೇಲೆ ಒಂದೇ ಪದರವಾಗಿ ಹರಡಿದರು. ಅದು ಕಣಗಳ ಮೈಯ ಎರಡರಷ್ಟು ಜಾಗ ಹಿಡಿಯಿತು. ತಮಾಷೆಯೆಂದರೆ, ಅವರು ಕೊಬ್ಬನ್ನೂ ಪೂರ್ತಿ ತೆಗೆದಿರಲಿಲ್ಲ, ಕಣದ ಮೈಯನ್ನೂ ಕಡಿಮೆ ಅಳೆದಿದ್ದರು. ಎರಡು ತಪ್ಪು ಒಂದಕ್ಕೊಂದು ವಜಾ ಆಗಿ ಉತ್ತರ ಸರಿಬಂತು! (ಪರೀಕ್ಷೆಯಲ್ಲಿ ಇದನ್ನು ನಂಬಿ ಕೂರಬೇಡಿ.)

ಪೊರೆ ಗಟ್ಟಿ ಗೋಡೆಯಲ್ಲ. ಸಾರಿನ ಮೇಲಿನ ಒಗ್ಗರಣೆ ಎಣ್ಣೆಯಲ್ಲಿ ಸಾಸಿವೆ ತೇಲಾಡುವ ಹಾಗೆ, ಹರಿದಾಡುವ ಕೊಬ್ಬಿನಲ್ಲಿ ಪ್ರೋಟೀನುಗಳು ಓಡಾಡುತ್ತವೆ. ವಿಜ್ಞಾನಿಗಳಾದ ಸಿಂಗರ್ ಮತ್ತು ನಿಕೋಲ್ಸನ್ 1972ರಲ್ಲಿ ಕೊಟ್ಟ ಚಿತ್ರ ಇದು. ಪ್ರಾಣಿಗಳ ಪೊರೆಯಲ್ಲಿ ಕೊಲೆಸ್ಟೆರಾಲೂ ಇರುತ್ತದೆ, ಪೊರೆ ತೀರಾ ಸಡಿಲವಾಗದಂತೆ ನೋಡಿಕೊಳ್ಳುತ್ತದೆ.

ಕೆಲವು ಪ್ರೋಟೀನುಗಳು ಬಾಗಿಲುಗಳೇ. ಅಮೆರಿಕದ ಪೀಟರ್ ಆಗ್ರೆಗೆ ರಕ್ತಕಣದಲ್ಲಿ ಸಿಕ್ಕ ಒಂದು ಪ್ರೋಟೀನ್ ನೀರಿನ ಬಾಗಿಲಿರಬಹುದೇ ಎಂಬ ಅನುಮಾನ. ಕಪ್ಪೆಯ ಮೊಟ್ಟೆಗಳು ನೀರನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಅವರ ತಂಡ ಅಂಥ ಕೆಲವು ಮೊಟ್ಟೆಗಳು ಈ ಪ್ರೋಟೀನನ್ನು ತಯಾರಿಸುವಂತೆ ಮಾಡಿ, ಉಪ್ಪು ಕಡಿಮೆಯಿರುವ ನೀರಿಗೆ ಬಿಟ್ಟಿತು. ಬಾಗಿಲಿಲ್ಲದ ಮೊಟ್ಟೆಗಳು ಹಾಗೇ ಇದ್ದವು. ಬಾಗಿಲಿದ್ದವು ಕೆಲವೇ ನಿಮಿಷಗಳಲ್ಲಿ ಉಬ್ಬಿ, ಒಡೆದೇ ಹೋದವು. 2003ರಲ್ಲಿ ಆಗ್ರೆಗೆ ನೊಬೆಲ್ ಬಂತು.