ಮಾತ್ರೆ ತಿಂದರೂ ವೈರಸ್ ಏಕೆ ಇಳಿಯುವುದಿಲ್ಲ?
(ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಸಿಸ್ಟರ್ ಒಬ್ಬರು ಆಡಿದ ಮಾತುಗಳು)



ಉಳಿತಾಯ, ಸಾಲದ ಲೆಕ್ಕ ಎಲ್ಲಾ ಮುಗಿಸಿ ಕುಳಿತಿದ್ದೀರಿ. ಇವತ್ತು ಇನ್ನೊಂದು ಲೆಕ್ಕದ ಬಗ್ಗೆ ಮಾತಾಡೋಣ. ಅದು ಎಚ್.ಐ.ವಿ. ಸೋಂಕಿರುವ ಮಕ್ಕಳ ರಕ್ತದಲ್ಲಿರುವ ವೈರಸ್‌ನ ಲೆಕ್ಕ. ಇದಕ್ಕೆ ವೈರಲ್ ಲೋಡ್ ಅಂತಾರೆ.

ನಮ್ಮ ದೇಶದಲ್ಲಿ 2004ರಿಂದ ಸರಕಾರ ಎ.ಆರ್.ಟಿ. ಮದ್ದನ್ನು ಉಚಿತವಾಗಿ ಕೊಡುತ್ತಿದೆ. 2006ರಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ಕಾರ್ಯಕ್ರಮ ಶುರುವಾಯಿತು. ಈ ಮದ್ದು ವೈರಸ್ಸನ್ನು ಪೂರ್ತಿ ತೆಗೆಯುವುದಿಲ್ಲ, ಆದರೆ ಅದುಮಿ ಇಡುತ್ತದೆ. ಒಂದು ಮಿಲಿ ಲೀಟರ್ ರಕ್ತದ ಪರೀಕ್ಷೆಯಲ್ಲಿ ವೈರಸ್ 1000ಕ್ಕಿಂತ ಕಡಿಮೆ ಬಂದರೆ ಹಿಡಿತದಲ್ಲಿದೆ ಎಂದರ್ಥ. ಅಂಥ ಮಗು ಎಲ್ಲರಂತೆ ಆಡಿ, ಓದಿ, ಬೆಳೆಯುತ್ತದೆ. ಆದರೆ ಕೆಲವು ಮಕ್ಕಳಲ್ಲಿ ಮದ್ದು ನಡೆಯುತ್ತಿದ್ದರೂ ವೈರಸ್ ಇಳಿಯುವುದಿಲ್ಲ. ಯಾಕೆ?

ಒಂದು ಘಟನೆ ಹೇಳ್ತೇನೆ. ಊರು, ಹೆಸರು ಹೇಳುವುದಿಲ್ಲ. ತಂದೆ-ತಾಯಿ ಇಲ್ಲದ ಹತ್ತು ವರ್ಷದ ಹುಡುಗ, ಅಜ್ಜಿಯ ಆರೈಕೆಯಲ್ಲಿದ್ದ. ಅಜ್ಜಿ ತಿಂಗಳು ತಪ್ಪದೆ ಮದ್ದು ತರುತ್ತಿದ್ದರು. ಆದರೂ ಪರೀಕ್ಷೆಯಲ್ಲಿ ವೈರಸ್ ಏರಿತ್ತು. "ಸರಿಯಾಗಿ ಕೊಡ್ತಿಲ್ಲ ನೀವು" ಅಂತ ನಾನು ಗದರಿಸಿಬಿಟ್ಟೆ. ಅಜ್ಜಿ ಬಾಯಿ ಬಿಡಲಿಲ್ಲ. ಆಮೇಲೆ ಮನೆಗೆ ಹೋಗಿ ಚಾಪೆ ಮೇಲೆ ಕೂತು ಕೇಳಿದಾಗ ಕಣ್ಣೀರು ಹಾಕಿದರು. ನೆಂಟರು ಬಂದ ದಿನ ಡಬ್ಬಿ ಹೊರಗೆ ತೆಗೆಯುತ್ತಿರಲಿಲ್ಲವಂತೆ. ಜಾತ್ರೆಗೆ ಮಾವನ ಮನೆಗೆ ಹೋದಾಗ ಐದು ದಿನ ಮಾತ್ರೆಯೇ ಇಲ್ಲ. "ನಮ್ಮ ಸಂಘದವರಿಗೆ ಗೊತ್ತಾದ್ರೆ ಇವನ ಜೊತೆ ಯಾರ ಮಕ್ಕಳೂ ಆಡಲ್ಲ ಸಿಸ್ಟರ್" ಅಂದರು. ಗದರಿಸಿದ್ದು ನನ್ನ ತಪ್ಪು ಅಂತ ಆಗ ಗೊತ್ತಾಯಿತು.

ಹೊಲಕ್ಕೆ ಅರೆಬರೆ ಔಷಧಿ ಹೊಡೆದರೆ ಏನಾಗ್ತದೆ? ಉಳಿದ ಹುಳ ಆ ಔಷಧಿಗೆ ಜಗ್ಗುವುದಿಲ್ಲ, ಅದರ ಸಂತಾನವೂ ಜಗ್ಗುವುದಿಲ್ಲ. ಮಾತ್ರೆ ಬಿಟ್ಟು ಬಿಟ್ಟು ತಗೊಂಡರೆ ವೈರಸ್ಸೂ ಹಾಗೆಯೇ. ಆಮೇಲೆ ಮದ್ದನ್ನೇ ಬದಲಿಸಬೇಕಾಗಬಹುದು. ಮಕ್ಕಳಿಗೆ ಬದಲಿ ಮದ್ದುಗಳು ದೊಡ್ಡವರಿಗಿಂತ ಕಡಿಮೆ.

ಆದರೆ ಎಲ್ಲಾ ತಪ್ಪು ಮನೆಯವರದ್ದಲ್ಲ. ಬೇರೆ ಕಾರಣಗಳೂ ಇವೆ:

1. ಮಗು ಬೆಳೆದ ಹಾಗೆ ತೂಕ ಹೆಚ್ಚುತ್ತದೆ. ಮದ್ದಿನ ಪ್ರಮಾಣವೂ ಹೆಚ್ಚಬೇಕು. ಆದ್ದರಿಂದ ಪ್ರತಿ ಸಲ ಮಗುವನ್ನೇ ಕರೆದುಕೊಂಡು ಹೋಗಿ ತೂಕ ಮಾಡಿಸಿ.

2. ತಾಯಿಯಲ್ಲಿ ಮದ್ದಿಗೆ ಜಗ್ಗದ ವೈರಸ್ ಇದ್ದರೆ ಮಗುವಿಗೆ ಅದೇ ಬರಬಹುದು. ಎಳೆ ಕೂಸುಗಳಲ್ಲಿ ವೈರಸ್ ಬಹಳ ಹೆಚ್ಚಿರುವುದರಿಂದ ಇಳಿಯಲು ಸಮಯವೂ ಬೇಕು.

3. ಹಿಂದಿನ ಕೆಲವು ಸಿರಪ್‌ಗಳು ವಿಪರೀತ ಕಹಿ, ಮಕ್ಕಳು ಉಗುಳುತ್ತಿದ್ದರು. ಈಗ ಡೊಲುಟೆಗ್ರಾವಿರ್ ಎಂಬ ಮದ್ದು ನೀರಲ್ಲಿ ಕರಗುವ ಮಾತ್ರೆಯಾಗಿ ಬಂದಿದೆ. ಮಗು ವಾಂತಿ ಮಾಡಿದರೆ ಮತ್ತೆ ಕೊಡಬೇಕೋ ಅಂತ ಕೇಂದ್ರದಲ್ಲಿ ಕೇಳಿ.

4. ಕೆಲವು ಮದ್ದುಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಖಾಲಿ ಹೊಟ್ಟೆಯಲ್ಲಿ ಕಬ್ಬಿಣಾಂಶದ ಅಥವಾ ಕ್ಯಾಲ್ಸಿಯಂ ಮಾತ್ರೆಯನ್ನು ಡೊಲುಟೆಗ್ರಾವಿರ್ ಜೊತೆಗೆ ಕೊಟ್ಟರೆ ಅದು ಮೈಗೆ ಹತ್ತುವುದು ಕಡಿಮೆ. ಶಾಲೆಯಲ್ಲಿ ಕಬ್ಬಿಣಾಂಶದ ಮಾತ್ರೆ ಕೊಡುತ್ತಿದ್ದರೆ, ಕ್ಷಯದ ಮದ್ದು ನಡೆಯುತ್ತಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

5. ಹನ್ನೆರಡು-ಹದಿಮೂರರ ಮಕ್ಕಳು "ನನಗೆ ಮಾತ್ರ ಯಾಕೆ ದಿನಾ ಮಾತ್ರೆ?" ಅಂತಾರೆ. ಕದ್ದು ಬಿಸಾಡುವುದೂ ಉಂಟು. ಸುಳ್ಳು ಹೇಳಬೇಡಿ. ಆರು ವರ್ಷದ ನಂತರ, ಆಪ್ತ ಸಮಾಲೋಚಕರ ಸಹಾಯದಿಂದ, ವಯಸ್ಸಿಗೆ ತಕ್ಕಂತೆ ಸ್ವಲ್ಪ ಸ್ವಲ್ಪವಾಗಿ ನಿಜ ತಿಳಿಸಬೇಕು.

ವೈರಸ್ 1000 ಅಥವಾ ಹೆಚ್ಚು ಬಂದ ಕೂಡಲೇ ಎಲ್ಲಾ ಮುಗಿಯಿತು ಅಂತಲ್ಲ. ಕಾರಣ ಹುಡುಕಿ, ಸುಮಾರು ಮೂರು ತಿಂಗಳು ತಪ್ಪದೆ ಮದ್ದು ಕೊಟ್ಟು ಮತ್ತೆ ಪರೀಕ್ಷೆ ಮಾಡುತ್ತಾರೆ. ಆ ಹುಡುಗನಿಗೂ ಹಾಗೆಯೇ ಆಯಿತು. ಅಜ್ಜಿ ಮಾತ್ರೆಗಳನ್ನು ಸಣ್ಣ ಡಬ್ಬಿಗೆ ಹಾಕಿ ಸೆರಗಿನಲ್ಲೇ ಇಟ್ಟುಕೊಳ್ಳತೊಡಗಿದರು. ಅವರು ನಂಬಿದ ಪಕ್ಕದ ಮನೆಯ ಒಬ್ಬ ಸದಸ್ಯೆ ದಿನಾ ರಾತ್ರಿ "ಊಟ ಆಯ್ತಾ ಅಜ್ಜಿ?" ಅಂತ ಕೂಗುತ್ತಿದ್ದಳು. ಅದೇ ನೆನಪಿನ ಗಂಟೆ. ಮುಂದಿನ ಪರೀಕ್ಷೆಯಲ್ಲಿ ವೈರಸ್ ಇಳಿದಿತ್ತು.

ಅಕ್ಕಂದಿರೇ, ಈಗ ನಿಮ್ಮ ಪಾಲಿನ ಮಾತು. ಯಾರ ಮನೆಯಲ್ಲಿ ಏನಿದೆ ಅಂತ ಹುಡುಕಲು ಹೋಗಬೇಡಿ. ಗೊತ್ತಾದರೂ ಬಾಯಿ ಬಿಡಬೇಡಿ. ಒಟ್ಟಿಗೆ ಆಡುವುದರಿಂದ, ಉಣ್ಣುವುದರಿಂದ ಎಚ್.ಐ.ವಿ. ಹರಡುವುದಿಲ್ಲ. ಸೋಂಕಿದೆ ಅಂತ ಮಗುವನ್ನು ಶಾಲೆಯಿಂದ ದೂರ ಇಡುವುದು 2017ರ ಕಾಯಿದೆಯ ಪ್ರಕಾರ ತಪ್ಪು. ಕೇಂದ್ರಕ್ಕೆ ಹೋಗಲು ಬಸ್ ಚಾರ್ಜಿಲ್ಲದೆ ಒಬ್ಬ ಸದಸ್ಯೆ ಕೈಸಾಲ ಕೇಳಿದರೆ "ಯಾತಕ್ಕೆ?" ಅಂತ ಎಲ್ಲರೆದುರು ಕೆದಕಬೇಡಿ. ಮಾಹಿತಿ ಬೇಕಾದರೆ 1097ಕ್ಕೆ ಉಚಿತವಾಗಿ ಫೋನ್ ಮಾಡಬಹುದು.

ಮದ್ದು ಸರಕಾರ ಕೊಡ್ತದೆ. ಅದನ್ನು ಹೆದರಿಕೆಯಿಲ್ಲದೆ ನುಂಗುವ ಧೈರ್ಯವನ್ನು ಆ ಮಗುವಿಗೆ ನಾವು ಕೊಡಬೇಕು. ಕೊಡ್ತೀರಿ ಅಲ್ವಾ?