ಕಬ್ಬಿನ ಪೆಟ್ರೋಲೂ ಹಿನ್ನೀರಿನ ದೋಣಿಯೂ

(ನಮ್ಮ ವಾರದ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹರೂಪ)



ಹಿಂಜವಾಡಿಯ ಕಂಪನಿಗಳಲ್ಲಿ ದುಡಿಯುವ ನಮ್ಮವರಿಗೆ ಶನಿವಾರ ಬಂತೆಂದರೆ ಊರು ಬಿಟ್ಟು ಹೊರಡುವ ಆತುರ. ಪವನಾ, ಪಾನಶೇತ, ರಜೆ ಸ್ವಲ್ಪ ಹೆಚ್ಚಿದ್ದರೆ ಮಹಾಬಳೇಶ್ವರದ ಆಚೆ ತಾಪೋಳಾ, ಇನ್ನೂ ಹೆಚ್ಚಿದ್ದರೆ ಮಾಲವಣ, ಗೋವಾ. ಎಲ್ಲಿಗೆ ಹೋದರೂ ಮಕ್ಕಳ ಹಟ ಒಂದೇ, ಬೋಟಿನಲ್ಲಿ ಕೂರಬೇಕು. ನಾವು ಟಿಕೆಟು ಕೊಳ್ಳುತ್ತೇವೆ, ಲೈಫ್ ಜಾಕೆಟ್ ಹಾಕಿಕೊಳ್ಳುತ್ತೇವೆ, ಫೋಟೋ ತೆಗೆಯುತ್ತೇವೆ. ಆ ಬೋಟಿನ ಟ್ಯಾಂಕಿನಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಅದರ ಬಗ್ಗೆಯೇ.

ಟ್ಯಾಂಕಿನಲ್ಲಿರುವುದು ಪೆಟ್ರೋಲು, ನಿಜ. ಆದರೆ ಇಂದು ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನ ಐದರಲ್ಲಿ ಒಂದು ಪಾಲು ಎಥನಾಲ್. ಇದನ್ನೇ ಇ-20 ಎನ್ನುತ್ತಾರೆ. ಈ ಎಥನಾಲ್ ಎಲ್ಲಿಂದ ಬರುತ್ತದೆ ಎಂದು ನಿಮ್ಮಲ್ಲಿ ಅನೇಕರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಪುಣೆಗೆ ಬಂದ ಎಷ್ಟೋ ಮನೆಗಳಲ್ಲಿ ಅಪ್ಪನೋ ಅಣ್ಣನೋ ಇವತ್ತಿಗೂ ಕಬ್ಬು ಬೆಳೆಯುತ್ತಾರೆ. ಕಬ್ಬಿನ ರಸದಿಂದ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ, ಈಚಿನ ವರ್ಷಗಳಲ್ಲಿ ಮೆಕ್ಕೆಜೋಳ ಮತ್ತು ನುಚ್ಚಕ್ಕಿಯಿಂದಲೂ ಎಥನಾಲ್ ತಯಾರಾಗುತ್ತದೆ.

ಈ ಕಥೆಯಲ್ಲಿ ನಮ್ಮ ಹಿಂಜವಾಡಿಗೂ ಪಾಲಿದೆ. ದೇಶ ವಿದೇಶಗಳಲ್ಲಿ ಎಥನಾಲ್ ಕಾರ್ಖಾನೆಗಳನ್ನು ಕಟ್ಟಿಕೊಡುವ ಪ್ರಾಜ್ ಇಂಡಸ್ಟ್ರೀಸ್ ಕಂಪನಿಯ ಮುಖ್ಯ ಕಚೇರಿ ಇರುವುದು ಇಲ್ಲಿಯೇ. ಅದರ ಸಂಶೋಧನಾ ಕೇಂದ್ರ ಮುಳಶಿ ತಾಲೂಕಿನ ಉರವಡೆಯಲ್ಲಿದೆ. ಹೊಸ ಪೆಟ್ರೋಲಿಗೆ ವಾಹನಗಳು ಹೊಂದುತ್ತವೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಎಆರ್‌ಎಐ ಸಂಸ್ಥೆಯೂ ಪುಣೆಯದೇ. 2021ರ ಜೂನ್ 5ರಂದು ಪರಿಸರ ದಿನದ ಸಮಾರಂಭದಲ್ಲಿ ಪ್ರಧಾನಮಂತ್ರಿಗಳು ಇ-100, ಅಂದರೆ ಪೂರ್ತಿ ಎಥನಾಲ್ ಮಾರುವ ಪ್ರಾಯೋಗಿಕ ಯೋಜನೆಯನ್ನು ಆರಂಭಿಸಿದಾಗ ಅದಕ್ಕೆ ಆರಿಸಿದ್ದು ಪುಣೆಯ ಮೂರು ಬಂಕುಗಳನ್ನು.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಪೆಟ್ರೋಲಿಗೆ ಎಥನಾಲ್ ಬೆರೆಸುವ ಮೊದಲ ಪ್ರಯೋಗಗಳು 2001ರಲ್ಲಿ ನಡೆದವು. ಅವುಗಳಲ್ಲಿ ಒಂದು ನಡೆದದ್ದು ಮಿರಜ್‌ನಲ್ಲಿ, ಊರಿಗೆ ಹೋಗುವಾಗ ನಮ್ಮ ರೈಲು ನಿಲ್ಲುವ ಅದೇ ಮಿರಜ್. 2003ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ ಶೇಕಡ 5ರಷ್ಟು ಬೆರಕೆ ಶುರುವಾಯಿತು. ಹತ್ತು ವರ್ಷ ಅದು ಕುಂಟುತ್ತಲೇ ಸಾಗಿತು. 2013-14ರಲ್ಲಿ ದೇಶದ ಸರಾಸರಿ ಬೆರಕೆ ಶೇಕಡ 1.53 ಮಾತ್ರ. ಆಮೇಲೆ ವೇಗ ಹೆಚ್ಚಿತು. 2022ರ ಜೂನ್‌ನಲ್ಲಿ ಶೇಕಡ 10 ಮುಟ್ಟಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ-20 ಬಿಡುಗಡೆಯಾಯಿತು. 2030ಕ್ಕೆ ಎಂದು ಇಟ್ಟುಕೊಂಡಿದ್ದ ಶೇಕಡ 20ರ ಗುರಿಯನ್ನು 2025ರಲ್ಲೇ ತಲುಪಿದ್ದಾಯಿತು.

ಇದರಿಂದ ರೈತನಿಗೆ ಲಾಭವಿಲ್ಲವೆಂದು ಯಾರೂ ಹೇಳಲಾರರು. ಸಕ್ಕರೆ ಗೋದಾಮಿನಲ್ಲಿ ಕೊಳೆಯುತ್ತಾ ಬಿದ್ದರೆ ಕಾರ್ಖಾನೆಯ ಹಣ ಅದರಲ್ಲೇ ಸಿಕ್ಕಿಕೊಳ್ಳುತ್ತದೆ, ಕಬ್ಬಿನ ಬಾಕಿ ಏರುತ್ತದೆ. ಎಥನಾಲ್ ಕೊಂಡ ತೈಲ ಕಂಪನಿ ಹಣ ಬೇಗ ಕೊಡುತ್ತದೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ಹೆದ್ದಾರಿಯಲ್ಲಿ ಕುಳಿತಾಗಲೂ ಕರ್ನಾಟಕಕ್ಕೆ ಹೆಚ್ಚಿನ ಎಥನಾಲ್ ಪಾಲು ಕೊಡಿ ಎಂಬ ಮಾತು ದೆಹಲಿಯವರೆಗೆ ಹೋಯಿತು. ಆದ್ದರಿಂದ ಎಥನಾಲನ್ನು ಬೈಯಲು ನಾನು ಇಲ್ಲಿ ಬಂದಿಲ್ಲ. ರಸ್ತೆಗೆಂದು ಮಾಡಿದ ನಿಯಮ ನೀರಿಗಿಳಿದಾಗ ಏನಾಗುತ್ತದೆ, ಅದರ ಭಾರ ಯಾರ ಮೇಲೆ ಬೀಳುತ್ತದೆ, ಇಷ್ಟನ್ನು ನೋಡೋಣ.

ಮೊದಲು ಒಂದು ವಿಂಗಡಣೆ. ಎಲ್ಲ ದೋಣಿಗಳಿಗೂ ಈ ಮಾತು ಅನ್ವಯಿಸುವುದಿಲ್ಲ. ಹುಟ್ಟು ಹಾಕುವ ದೋಣಿಗೆ, ಪೆಡಲ್ ಬೋಟಿಗೆ ಪೆಟ್ರೋಲಿನ ಗೊಡವೆಯೇ ಇಲ್ಲ. ದೊಡ್ಡ ಲಾಂಚುಗಳು ಡೀಸೆಲ್‌ನಲ್ಲಿ ಓಡುತ್ತವೆ. ಶರಾವತಿ ಹಿನ್ನೀರಿಗೆ 2025ರ ಜುಲೈಯಲ್ಲಿ ಸೇತುವೆಯಾಗುವವರೆಗೆ ನಮ್ಮನ್ನು ಸಿಗಂದೂರಿಗೆ ದಾಟಿಸುತ್ತಿದ್ದ ಲಾಂಚು ಅಂಥದ್ದು. ತೊಂದರೆ ಇರುವುದು ದೋಣಿಯ ಹಿಂಬದಿಗೆ ತೂಗುಹಾಕಿದ ಔಟ್‌ಬೋರ್ಡ್ ಎಂಜಿನ್ನಿಗೆ, ಸ್ಪೀಡ್‌ಬೋಟಿಗೆ, ವಾಟರ್ ಸ್ಕೂಟರಿಗೆ. ಅಂದರೆ ಮಕ್ಕಳು ಹಟ ಹಿಡಿಯುವುದು ಯಾವುದಕ್ಕೋ ಅದಕ್ಕೆ.

ದೋಣಿಗೂ ಕಾರಿಗೂ ಏನು ವ್ಯತ್ಯಾಸ? ಕಾರು ದಿನಾ ಓಡುತ್ತದೆ. ವಾರಕ್ಕೋ ಹತ್ತು ದಿನಕ್ಕೋ ಹೊಸ ಪೆಟ್ರೋಲು ಬೀಳುತ್ತದೆ, ಹಳೆಯದು ಉರಿದು ಹೋಗುತ್ತದೆ. ಬೋಟು ಹಾಗಲ್ಲ. ಶನಿವಾರ ಭಾನುವಾರ ಓಡಿ ಐದು ದಿನ ದಡದಲ್ಲಿ ನಿಲ್ಲುತ್ತದೆ. ಮಳೆಗಾಲ ಹಿಡಿಯಿತೆಂದರೆ ಮಲ್ಪೆಯಿಂದ ಮಾಲವಣದವರೆಗೆ ಕರಾವಳಿಯಲ್ಲಿ ಜಲಕ್ರೀಡೆಯೇ ಬಂದ್. ಎಂಜಿನ್ನು ತಾಡಪತ್ರಿಯ ಕೆಳಗೆ ನಾಲ್ಕು ತಿಂಗಳು ಮಲಗುತ್ತದೆ. ಟ್ಯಾಂಕಿನಲ್ಲಿ, ಪೈಪಿನಲ್ಲಿ, ಕಾರ್ಬ್ಯುರೇಟರಿನ ಪುಟ್ಟ ಬಟ್ಟಲಿನಲ್ಲಿ ಉಳಿದ ಪೆಟ್ರೋಲೂ ಅದರ ಜೊತೆಗೇ ಮಲಗುತ್ತದೆ. ಸುತ್ತ ನೀರು, ಮೇಲೆ ಮಳೆ, ಗಾಳಿಯಲ್ಲಿ ತೇವ.

ಇಲ್ಲಿ ಎಥನಾಲಿನ ಸ್ವಭಾವವನ್ನು ಅರಿಯಬೇಕು. ಶುದ್ಧ ಪೆಟ್ರೋಲಿಗೂ ನೀರಿಗೂ ಆಗಿಬರುವುದಿಲ್ಲ. ನೀರು ತಳಕ್ಕೆ ಇಳಿದು ಬೇರೆಯೇ ಕೂರುತ್ತದೆ. ಎಥನಾಲಿಗೆ ನೀರೆಂದರೆ ಪ್ರೀತಿ. ಸ್ವಲ್ಪ ನೀರನ್ನು ಅದು ತನ್ನೊಳಗೆ ಕರಗಿಸಿಕೊಂಡುಬಿಡುತ್ತದೆ, ಅಲ್ಲಿಯವರೆಗೆ ತೊಂದರೆಯಿಲ್ಲ. ಆದರೆ ಹಿಡಿಯುವುದಕ್ಕೆ ಒಂದು ಮಿತಿ ಇದೆ. ಇ-10 ಪೆಟ್ರೋಲಿನಲ್ಲಿ ಲೀಟರಿಗೆ ಸುಮಾರು ಒಂದು ಟೀ ಚಮಚ ನೀರು ಸೇರಿದರೆ ಮಿತಿ ಮುಟ್ಟಿತು. ಇ-20 ಇನ್ನಷ್ಟು ಹಿಡಿಯುತ್ತದೆ. ಗಾಳಿಯ ತೇವವೊಂದರಿಂದಲೇ ಅಷ್ಟು ನೀರು ಸೇರಲು ಬಹಳ ದಿನ ಬೇಕು. ಸಡಿಲವಾದ ಮುಚ್ಚಳದ ಸುತ್ತ ಇಳಿಯುವ ಮಳೆನೀರಿಗೆ ಅಷ್ಟು ದಿನ ಬೇಡ.

ಮಿತಿ ಮೀರಿದಾಗ ಎಥನಾಲು ನೀರಿನ ಕೈಹಿಡಿದು ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತದೆ. ಮೇಲೆ ಬಡವಾದ ಪೆಟ್ರೋಲು, ಕೆಳಗೆ ನೀರು ಮತ್ತು ಎಥನಾಲಿನ ಪದರ. 25 ಲೀಟರಿನ ಟ್ಯಾಂಕಿನಲ್ಲಿ ಇ-20 ತುಂಬಿದ್ದರೆ ಅದರಲ್ಲಿ 5 ಲೀಟರು ಎಥನಾಲೇ ಆಯಿತು. ಅದರ ಬಹುಪಾಲು ಹೀಗೆ ಕೆಳಗೆ ಕೂರುತ್ತದೆ. ಎಂಜಿನ್ನಿಗೆ ಹೋಗುವ ಪೈಪು ಇಂಧನ ಹೀರುವುದು ತಳದಿಂದಲೇ! ಮೊದಲ ಗುಟುಕಿಗೇ ಎಂಜಿನ್ನಿಗೆ ಸಿಗುವುದು ಈ ನೀರು ಬೆರೆತ ಪದರ. ಹಳೆಯ ಟೂ-ಸ್ಟ್ರೋಕ್ ಎಂಜಿನ್ನಾದರೆ ಪೆಟ್ರೋಲಿನಲ್ಲಿ ಬೆರೆಸಿದ ಆಯಿಲು ಈ ಕೆಳಗಿನ ಪದರದಲ್ಲಿ ಇರುವುದಿಲ್ಲ. ಹಾಗಾಗಿ ಎಂಜಿನ್ನು ನಿಲ್ಲುವುದಲ್ಲದೆ ಒಳಗೆ ಉಜ್ಜಿ ಹಾಳೂ ಆಗಬಹುದು.

ಎರಡನೆಯದು, ಎಥನಾಲು ಒಳ್ಳೆಯ ದ್ರಾವಕ. ಹಳೆಯ ಟ್ಯಾಂಕಿನ ಗೋಡೆಗೆ ಅಂಟಿದ ಜಿಡ್ಡನ್ನೆಲ್ಲ ಕಿತ್ತು ಫಿಲ್ಟರಿಗೆ ತಂದು ತುಂಬುತ್ತದೆ. ಹಳೆಯ ಮಾದರಿಯ ರಬ್ಬರ್ ಪೈಪು ಉಬ್ಬಿ, ಮೆದುವಾಗಿ, ಬಿರಿಯುತ್ತದೆ. ಅಮೆರಿಕದಲ್ಲಿ 2000ದ ದಶಕದಲ್ಲಿ ಎಥನಾಲ್ ಬೆರಕೆ ಹೆಚ್ಚಿದಾಗ ಹಳೆಯ ಬೋಟುಗಳ ಫೈಬರ್‌ಗ್ಲಾಸ್ ಟ್ಯಾಂಕುಗಳೇ ಒಳಗಿನಿಂದ ಕರಗಿ, ಆ ಅಂಟು ಎಂಜಿನ್ನಿಗೆ ಹೋಗಿ ಕೂತದ್ದು ದೊಡ್ಡ ರಗಳೆಯಾಯಿತು. ಬಿರಿದ ಪೈಪಿನ ಅಪಾಯ ಇನ್ನೂ ಹೆಚ್ಚು. ಸೋರಿದ ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನ ಕೆಳಗಾದರೆ ಅದು ಚದುರಿ ಹೋಗುತ್ತದೆ. ದೋಣಿಯ ಹೊಟ್ಟೆಯಲ್ಲಾದರೆ ಅಲ್ಲೇ ತುಂಬಿ ನಿಲ್ಲುತ್ತದೆ, ಒಂದು ಕಿಡಿಗಾಗಿ ಕಾದಿರುತ್ತದೆ.

ಮೂರನೆಯದು ಮೈಲೇಜು. ಒಂದು ಲೀಟರು ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ. ಹಾಗಾಗಿ ಇ-20ರಲ್ಲಿ ಲೀಟರಿಗೆ ಶೇಕಡ 6-7ರಷ್ಟು ಶಕ್ತಿ ಕಡಿಮೆಯಾಗುತ್ತದೆ. ಇದು ಸಹಿಸಬಹುದಾದ ನಷ್ಟ. ಇದಕ್ಕಿಂತ ಚಿಂತೆಯ ವಿಷಯ ಕಾರ್ಬ್ಯುರೇಟರ್ ಎಂಜಿನ್ನಿನ ಬಿಸಿ. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಮಿಶ್ರಣ ತೆಳುವಾಗುತ್ತದೆ. ಪೂರ್ತಿ ವೇಗದಲ್ಲಿ ಓಡುವ ಬೋಟಿನ ಎಂಜಿನ್ನು ಹೆಚ್ಚು ಕಾಯುತ್ತದೆ. ಹೊಸ ಕಾರಿನಲ್ಲಿ ಇದನ್ನು ಸರಿಪಡಿಸಲು ಕಂಪ್ಯೂಟರ್ ಇದೆ, ಹಳೆಯ ಔಟ್‌ಬೋರ್ಡಿನಲ್ಲಿ ಇಲ್ಲ.

ಈಗ ನೀತಿಯ ಮಾತಿಗೆ ಬರೋಣ. ನಮ್ಮಲ್ಲಿ 2023ರ ಏಪ್ರಿಲ್‌ನಿಂದ ತಯಾರಾಗುವ ವಾಹನಗಳ ಬಿಡಿಭಾಗಗಳು ಇ-20 ತಾಳಿಕೊಳ್ಳುವಂತಿರಬೇಕು, 2025ರ ಏಪ್ರಿಲ್‌ನಿಂದ ಎಂಜಿನ್ನೂ ಅದಕ್ಕೆ ಹೊಂದಿರಬೇಕು ಎಂದು ಗೊತ್ತುಮಾಡಲಾಯಿತು. ಇವು ರಸ್ತೆಯ ವಾಹನಗಳಿಗೆ. ಬೋಟಿನ ಎಂಜಿನ್ ತಯಾರಿಸುವ ದೊಡ್ಡ ಕಂಪನಿಗಳ ಕೈಪಿಡಿ ತೆರೆದು ನೋಡಿ, ಬಹುತೇಕ ಶೇಕಡ 10ಕ್ಕಿಂತ ಹೆಚ್ಚು ಎಥನಾಲ್ ಬೇಡ ಎಂದಿರುತ್ತದೆ. 2025ರ ಆಗಸ್ಟಿನಲ್ಲಿ ಇ-20 ಬಗ್ಗೆ ದೇಶದಲ್ಲಿ ಗದ್ದಲವೆದ್ದಿತು. ಎಥನಾಲಿಲ್ಲದ ಪೆಟ್ರೋಲಿನ ಆಯ್ಕೆಯೂ ಇರಲಿ ಎಂಬ ಅರ್ಜಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ಸೆಪ್ಟೆಂಬರ್ 1ರಂದು ವಜಾ ಆಯಿತು. ಆ ಚರ್ಚೆಯೆಲ್ಲ ಬಹುಮಟ್ಟಿಗೆ ಕಾರು ಬೈಕುಗಳ ಸುತ್ತಲೇ ತಿರುಗಿತು.

ಬೇರೆ ದೇಶಗಳು ಏನು ಮಾಡಿವೆ? ಅಮೆರಿಕದಲ್ಲಿ 2010 ಮತ್ತು 2011ರಲ್ಲಿ ಇ-15ಕ್ಕೆ ಒಪ್ಪಿಗೆ ಕೊಟ್ಟಾಗ 2001 ಮತ್ತು ಅದರ ನಂತರದ ಮಾದರಿಯ ಕಾರುಗಳಿಗೆ ಮಾತ್ರ ಕೊಟ್ಟರು. ಬೋಟುಗಳಿಗೆ ಹಾಕಕೂಡದೆಂದು ಪಂಪಿನ ಮೇಲೆಯೇ ಚೀಟಿ ಅಂಟಿಸಿದರು. ಅಲ್ಲಿನ ಅನೇಕ ದೋಣಿದಾಣಗಳಲ್ಲಿ ಎಥನಾಲ್ ಇಲ್ಲದ ಪೆಟ್ರೋಲು ಸಿಗುತ್ತದೆ. ಬ್ರಿಟನ್ 2021ರ ಸೆಪ್ಟೆಂಬರಿನಲ್ಲಿ ಇ-10ಕ್ಕೆ ಬದಲಾದಾಗ, ಹಳೆಯ ಎಂಜಿನ್ನುಗಳಿಗಾಗಿ ಇ-5 ಅನ್ನು ದುಬಾರಿ ದರ್ಜೆಯ ಪೆಟ್ರೋಲಿನಲ್ಲಿ ಉಳಿಸಿಕೊಂಡಿತು. ಇಬ್ಬರೂ ಎಥನಾಲನ್ನು ಕೈಬಿಡಲಿಲ್ಲ. ಹೊಂದದ ಎಂಜಿನ್ನುಗಳಿಗೆ ಒಂದು ಬದಿದಾರಿ ಬಿಟ್ಟರು, ಅಷ್ಟೇ.

ನಮ್ಮಲ್ಲೂ ಇಷ್ಟನ್ನು ಕೇಳಬಹುದು. ಎಷ್ಟು ಎಥನಾಲ್ ಇದೆ ಎಂದು ಪ್ರತಿ ಪಂಪಿನ ಮೇಲೂ ಕಾಣುವಂತೆ ಬರೆದಿರಲಿ, ಕನ್ನಡದಲ್ಲೂ ಮರಾಠಿಯಲ್ಲೂ. ಪ್ರವಾಸಿ ಜಲಾಶಯಗಳ, ಬಂದರುಗಳ ಹತ್ತಿರ ಒಂದೊಂದು ಬಂಕಿನಲ್ಲಾದರೂ ಕಡಿಮೆ ಬೆರಕೆಯ ಪೆಟ್ರೋಲು ಸಿಗಲಿ. ಇಲ್ಲಿ ಎಂಜಿನ್ ಮಾರುವವರು ಅದು ಇ-20ಗೆ ಹೊಂದುತ್ತದೆಯೋ ಇಲ್ಲವೋ ಎಂದು ಬರೆದುಕೊಡಲಿ. ಇದರಿಂದ ಕಬ್ಬಿನ ರೈತನಿಗೆ ಒಂದು ಪೈಸೆಯ ನಷ್ಟವೂ ಆಗದು. ಕಾರು ಬೈಕುಗಳ ಮುಂದೆ ದೋಣಿಗಳು ಕುಡಿಯುವ ಪೆಟ್ರೋಲು ಸಮುದ್ರದ ಮುಂದೆ ಹನಿಯಿದ್ದಂತೆ.

ಅದೆಲ್ಲ ಆಗುವವರೆಗೆ ದೋಣಿ ಇಟ್ಟುಕೊಂಡವರು ಕೈಯಲ್ಲಿರುವ ಕೆಲಸ ಮಾಡಬೇಕು. ಒಂದೆರಡು ವಾರಕ್ಕೆ ಬೇಕಾದಷ್ಟೇ ಪೆಟ್ರೋಲು ತನ್ನಿ, ಜನ ಹೆಚ್ಚು ಬರುವ ಬಂಕಿನಿಂದ ತನ್ನಿ. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ, ಅದರ ಬಟ್ಟಲನ್ನು ಪ್ರತಿ ಸಲ ನೋಡಿ. ಪೈಪುಗಳನ್ನು ಕೈಯಿಂದ ಒತ್ತಿ ನೋಡಿ, ಮೆತ್ತಗಾಗಿದ್ದರೆ ಎಥನಾಲ್ ತಾಳುವ ಪೈಪು ಹಾಕಿಸಿ. ಮಳೆಗಾಲಕ್ಕೆ ಮೊದಲು ಟ್ಯಾಂಕು ಬರಿದು ಮಾಡಿ, ಆ ಪೆಟ್ರೋಲು ಕೆಡುವ ಮುನ್ನ ಇ-20ಗೆ ಹೊಂದುವ ಬೈಕಿಗೋ ಜೀಪಿಗೋ ಹಾಕಿ ಓಡಿಸಿಬಿಡಿ. ಇಂಧನದ ಪೈಪು ಬಿಚ್ಚಿ, ಎಂಜಿನ್ನಿಗೆ ತಂಪುನೀರು ಹರಿಯುತ್ತಿರುವಾಗಲೇ ಅದು ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬ್ಯುರೇಟರ್ ಬರಿದಾಗಲಿ. ಒಮ್ಮೆ ಬೇರ್ಪಟ್ಟ ಪೆಟ್ರೋಲು ಯಾವ ಔಷಧಿ ಹಾಕಿದರೂ ಮತ್ತೆ ಕೂಡುವುದಿಲ್ಲ. ಅದನ್ನು ತೆಗೆದುಹಾಕುವುದೇ ದಾರಿ.

ಬೋಟು ಹತ್ತುವ ನಾವೂ ನಾಲ್ಕು ವಿಷಯ ಗಮನಿಸಬೇಕು. ಮಳೆಗಾಲ ಕಳೆದ ಮೊದಲ ವಾರಗಳಲ್ಲಿ ಎಂಜಿನ್ನು ಸರ್ವಿಸ್ ಆಗಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ದೋಣಿಯಲ್ಲಿ ಹುಟ್ಟು ಇದೆಯೇ, ನಿಂತುಹೋದರೆ ಎಳೆದು ತರಲು ದಡದಲ್ಲಿ ಇನ್ನೊಂದು ದೋಣಿ ಇದೆಯೇ, ನೋಡಿ. ಪೆಟ್ರೋಲಿನ ವಾಸನೆ ಗಾಢವಾಗಿದ್ದರೆ ಇಳಿದುಬಿಡಿ, ಟಿಕೆಟಿನ ದುಡ್ಡು ಹೋದರೆ ಹೋಗಲಿ. ಮಗುವಿನ ಲೈಫ್ ಜಾಕೆಟ್ಟಿನ ಬಕಲು ನೀವೇ ಹಾಕಿ. ರಸ್ತೆಯಲ್ಲಿ ಎಂಜಿನ್ನು ನಿಂತರೆ ಬದಿಗೆ ತಳ್ಳಿ ಮೆಕ್ಯಾನಿಕ್ಕನ್ನು ಕರೆಯಬಹುದು. ಕೊಯ್ನಾ ಹಿನ್ನೀರಿನ ನಟ್ಟನಡುವೆ, ಸಂಜೆಯ ಗಾಳಿ ಎದ್ದಾಗ ನಿಂತರೆ ತಳ್ಳಲು ಬದಿಯೇ ಇಲ್ಲ.

ದೋಣಿ ಓಡಿಸುವ ಹುಡುಗನಿಗೆ ಬಂಕಿನಲ್ಲಿ ಸಿಕ್ಕಿದ್ದನ್ನು ಹಾಕುವುದು ಬಿಟ್ಟು ಬೇರೆ ಆಯ್ಕೆ ಇಲ್ಲ. ಎಂಜಿನ್ನು ಕೆಟ್ಟರೆ ರಿಪೇರಿಯ ಖರ್ಚು ಅವನದು, ಗಿರಾಕಿಯ ಬೈಗುಳವೂ ಅವನಿಗೇ. ಕಬ್ಬು ಬೆಳೆಯುವವನೂ ದೋಣಿ ನಡೆಸುವವನೂ ದುಡಿದು ತಿನ್ನುವವರೇ. ಒಬ್ಬನಿಗೆ ಒಳಿತಾದ ನಿಯಮ ಇನ್ನೊಬ್ಬನನ್ನು ನಡುನೀರಿನಲ್ಲಿ ಕೈಬಿಡದಂತೆ ನೋಡಿಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಒಂದು ಚೀಟಿ, ಒಂದು ಬೇರೆ ಪಂಪು, ಒಂದಿಷ್ಟು ತಿಳಿವಳಿಕೆ ಸಾಕು.

ಮುಂದಿನ ಸಲ ಹಿನ್ನೀರಿಗೆ ಹೋದಾಗ ದೋಣಿಯವನಿಗೆ ಈ ವಿಷಯ ತಿಳಿಸಿ. ನಿಮಗೆ ಬರುವಷ್ಟು ಮರಾಠಿಯಲ್ಲೇ ತಿಳಿಸಿ, ಅರ್ಥವಾಗುತ್ತದೆ. ಎಲ್ಲರಿಗೂ ಸುಖ ಪ್ರಯಾಣ.